ಸೂಜಿಮಲ್ಲಿಗೆಯ ಹನ್ನೊಂದು ಕಾರ್ಡು

ಬೈಂಡರ್‌ಗೆ ಬರುತ್ತಿದ್ದುದು ಎರಡೇ ಕೆಲಸ. ಒಂದು, ಕಾಗದವನ್ನು ಕೂದಲೆಳೆಯಷ್ಟೂ ಸೊಟ್ಟಗಾಗದಂತೆ ಕತ್ತರಿಸುವುದು, ಅದು ಹೊಟ್ಟೆಪಾಡು. ಇನ್ನೊಂದು, ಹಳೆಯ ನಾಟಕದವರ ಸಾಮಾನು ಕೂಡಿಹಾಕುವುದು. ಮಾಸಿದ ಹ್ಯಾಂಡ್‌ಬಿಲ್ಲು, ಹರಿದ ಬೀಸಣಿಗೆ, ಯಾರದೋ ಅಂಟುಮೀಸೆ, ನಟನಟಿಯರು ಹೊಸ ವರ್ಷಕ್ಕೆ ಕಳಿಸುತ್ತಿದ್ದ ಗ್ರೀಟಿಂಗ್ ಕಾರ್ಡು. ಆ ಮೀಸೆ ಬಟ್ಟೆಯ ಕಪಾಟಿನಲ್ಲಿ ಸಿಕ್ಕಿದ ದಿನ ಅವನ ಹೆಂಡತಿ ಇಲಿ ಅಂದುಕೊಂಡು ಪೊರಕೆ ತಂದಿದ್ದಳು.

ಸಂಗ್ರಹಕ್ಕೆಲ್ಲ ಕಳಶವಿಟ್ಟ ಹಾಗಿದ್ದದ್ದು ಹನ್ನೊಂದು ಕಾರ್ಡು. ಮೂವತ್ತು ವರ್ಷ ರಾಣಿಯ ಪಾತ್ರವನ್ನೇ ಮಾಡಿ ಮಾಡಿ, ಕೊನೆಗೆ ಎಲ್ಲರ ಬಾಯಲ್ಲೂ ಮಹಾರಾಣಿಯೇ ಆಗಿಹೋದ ನಟಿ ಕಳಿಸಿದವು. ಅವನಿಗೆ ಅವು ಬಂದದ್ದು ಚಿಕ್ಕಮ್ಮನಿಂದ. ಚಿಕ್ಕಮ್ಮ ಆ ನಟಿ ಆಡುತ್ತಿದ್ದ ನಾಟಕಶಾಲೆಯಲ್ಲಿ ಉಡುಪು ಹೊಲಿಯುತ್ತಿದ್ದಳು. ರಂಗಕ್ಕೆ ಹೋಗಲು ಎರಡು ನಿಮಿಷ ಇರುವಾಗ ಮಹಾರಾಣಿಯ ಬೆನ್ನ ಮೇಲೆ ಕಿತ್ತುಹೋದ ಗುಂಡಿಯನ್ನು ನಿಂತ ನಿಲುವಿನಲ್ಲೇ ಹಾಕಿಕೊಡುವವಳು. ಪ್ರತಿ ಕಾರ್ಡಿನ ನೆತ್ತಿಯಲ್ಲೂ ಮಹಾರಾಣಿಯ ಕೈಬರಹದ ಒಂದು ಸಾಲು: 'ನನ್ನ ಸೂಜಿಮಲ್ಲಿಗೆಗೆ. ನೀನು ಹೊಲಿದದ್ದಕ್ಕೆ ನಾನು ರಾಣಿ.' ಕೆಳಗೆ ಅಚ್ಚಾದ ಶುಭಾಶಯ, ಅದರ ಕೆಳಗೆ ಸಹಿ. ಕಣ್ಣು ಮಂಜಾಗತೊಡಗಿದಾಗ ಚಿಕ್ಕಮ್ಮ ಆ ಪೆಟ್ಟಿಗೆಯನ್ನೇ ಎತ್ತಿ ಅಕ್ಕನ ಮಗನ ಕೈಗೆ ಕೊಟ್ಟಳು. ಜೋಪಾನವಾಗಿ ಇಟ್ಟುಕೋ ಅಂದಳು, ಅಷ್ಟೇ.

ಅವನು ಜೋಪಾನ ಮಾಡಿದ ಚಂದ ಕೇಳಿ. ಸಂಗ್ರಹಕಾರರ ಸಂಘಕ್ಕೆ ಹೋದ ಮೊದಲ ಭಾನುವಾರ ಯಾರೋ ಒಬ್ಬರು ದೊಡ್ಡ ನಟನ ಕಾರ್ಡು ತಂದಿದ್ದರು. ಅದರ ಮೇಲೆ 'ನಮ್ಮ ಕಾಂಪೌಂಡರಿಗೆ' ಎಂದಿತ್ತು. ಸಂಘದ ಅಧ್ಯಕ್ಷರು ಹಲ್ಲಿನ ಡಾಕ್ಟರು. ಭೂತಗನ್ನಡಿ ಹಿಡಿದು ನೋಡಿ, ಇದು ನಟನ ಕಾರ್ಡಲ್ಲ, ಕಾಂಪೌಂಡರ್ ಕಾರ್ಡು ಅಂದುಬಿಟ್ಟರು. ಎಲ್ಲರೂ ನಕ್ಕರು. ಬೈಂಡರ್ ಎಲ್ಲರಿಗಿಂತ ಜೋರಾಗಿ ನಕ್ಕ. ಅವನ ಚೀಲದಲ್ಲಿದ್ದ ಹನ್ನೊಂದು ಕಾರ್ಡು ಅವತ್ತು ಚೀಲದಿಂದ ಹೊರಗೆ ಬರಲಿಲ್ಲ.

ಮಧ್ಯಾಹ್ನವೇ ಅಂಗಡಿಯ ಬಾಗಿಲು ತೆಗೆದು, ಕಾರ್ಡುಗಳನ್ನು ಅಂಚಿಗೆ ಅಂಚು ಕೂಡಿಸಿ ಕಟಿಂಗ್ ಮಷಿನ್‌ಗೆ ಕೊಟ್ಟ. ಮೇಲಿನ ಸಾಲು ಒಂದೇ ಏಟಿಗೆ ಹೋಯಿತು. ಅನುಮಾನ ಬರದಿರಲೆಂದು ಉಳಿದ ಮೂರು ಬದಿಯನ್ನೂ ಒಂದಿಷ್ಟು ಸವರಿದ. ಸೂಜಿಮಲ್ಲಿಗೆ ಬೆರಳಗಲದ ಪಟ್ಟಿಗಳಾಗಿ ಬುಟ್ಟಿಗೆ ಬಿದ್ದಳು, ಮರುದಿನ ರದ್ದಿಯವನ ಮೂಟೆ ಸೇರಿದಳು. ಕಾರ್ಡಿನ ಅಂದಕ್ಕಾಗಿ ಹೀಗೆ ಮಾಡಿದೆ ಎಂದು ತನಗೆ ತಾನೇ ಹೇಳಿಕೊಂಡ. ಶುದ್ಧ ಸುಳ್ಳು. ಮಹಾರಾಣಿಯ ಕಾರ್ಡು ನಿಮ್ಮ ಮನೆಗೆ ಹೇಗೆ ಬಂತು ಎಂದು ಡಾಕ್ಟರು ಕೇಳಿದರೆ, ನಮ್ಮ ಚಿಕ್ಕಮ್ಮ ಅಲ್ಲಿ ಗುಂಡಿ ಹಾಕುತ್ತಿದ್ದಳು ಎನ್ನಲು ಅವನಿಗೆ ನಾಚಿಕೆ. ಮುಂದೆ ಅವರು ಕೇಳಿಯೂ ಕೇಳಿದರು. ಎರಡು ಮನೆಗೂ ಹಿಂದಿನಿಂದ ಒಡನಾಟ ಎಂದುಬಿಟ್ಟ.

ನಾಟಕಶಾಲೆಗೆ ನೂರು ವರ್ಷ ತುಂಬಿದಾಗ ಅಲ್ಲಿನ ಹಜಾರದಲ್ಲಿ ಸಂಘದ ಪ್ರದರ್ಶನ. ಗಾಜಿನ ಪೆಟ್ಟಿಗೆಯಲ್ಲಿ ಹನ್ನೊಂದು ಕಾರ್ಡು, ಕೆಳಗೊಂದು ಚೀಟಿ: 'ಮಹಾರಾಣಿಯವರು ನಮ್ಮ ಕುಟುಂಬಕ್ಕೆ ಕಳಿಸಿದ ಶುಭಾಶಯಗಳು.' ಚಿಕ್ಕಮ್ಮನಿಗೆ ಅವನು ಸುದ್ದಿಯೇ ಹೇಳಿರಲಿಲ್ಲ. ಅವಳಿಗೆ ಪಕ್ಕದ ಮನೆಯವರು ಪತ್ರಿಕೆ ಓದಿ ಹೇಳಿದ್ದರು. ಎರಡನೆಯ ದಿನ ಬೆಳಿಗ್ಗೆ ಅವಳು ಕೋಲೂರಿಕೊಂಡು ಬಂದೇಬಿಟ್ಟಳು, ಒಬ್ಬಳೇ ಅಲ್ಲ, ತನ್ನ ವಠಾರದ ಮೂವರು ಹೆಂಗಸರನ್ನು ಕಟ್ಟಿಕೊಂಡು. ಪೆಟ್ಟಿಗೆ ಕೊಟ್ಟ ಮೇಲೆ ಆ ವಠಾರಕ್ಕೆ ಬಂದವಳು, ಆ ಮೂವರಿಗೆ ಇಪ್ಪತ್ತು ವರ್ಷದಿಂದ ಆ ಸಾಲಿನ ಕಥೆ ಹೇಳುತ್ತ ಬಂದಿದ್ದಳು. ಅವರು ಎದುರಿಗೆ ಹೂಂಗುಟ್ಟಿ, ಹಿಂದೆ 'ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಸೂಜಿಮಲ್ಲಿಗೆ' ಎಂದು ಕಣ್ಣು ಹೊಡೆಯುತ್ತಿದ್ದರು. ಅದು ಚಿಕ್ಕಮ್ಮನಿಗೂ ಗೊತ್ತಿತ್ತು. ಇವತ್ತು ತೋರಿಸುತ್ತೇನೆ ಎಂದೇ ಇಸ್ತ್ರಿ ಮಾಡಿದ ಸೀರೆ ಉಟ್ಟುಕೊಂಡು ಬಂದಿದ್ದಳು.

ಅವಳಿಗೆ ಅಕ್ಷರ ಕಾಣಿಸದು. ಗಾಜಿನ ಮೇಲೆ ಬೆರಳಿಟ್ಟು, "ಮೇಲಿನ ಸಾಲು ಓದ್ರೇ. ಅಚ್ಚಿಂದಲ್ಲ, ಕೈಯಲ್ಲಿ ಬರ್ದಿರೋದು," ಅಂದಳು.

ಮೂವರೂ ಬಗ್ಗಿದರು. ಮೇಲೆ ಏನೂ ಇಲ್ಲವಲ್ಲ ಅಂದರು. ಎರಡನೆಯದು ನೋಡಿ ಅಂದಳು, ಮೂರನೆಯದು ಅಂದಳು. ಹನ್ನೊಂದೂ ಮುಗಿಯುವ ಹೊತ್ತಿಗೆ ದಪ್ಪನೆಯ ಹೆಂಗಸಿನ ತುಟಿಯಂಚಿನಲ್ಲಿ ನಗು ಬಂದಿತ್ತು.

ಬೈಂಡರ್ ನಾಲ್ಕು ಹೆಜ್ಜೆ ಆಚೆ ಕಂಬದ ಹತ್ತಿರ ನಿಂತಿದ್ದ. ಒಳಗೆ ಬರುವಾಗಲೇ ಅವನ ದನಿ ಚಿಕ್ಕಮ್ಮನ ಕಿವಿಗೆ ಬಿದ್ದಿತ್ತು. ಬಾಯಿ ಬಿಟ್ಟರೆ ಆ ಬದಿಯಲ್ಲಿದ್ದ ಡಾಕ್ಟರಿಗೆ ಕೇಳಿಸುತ್ತದೆ. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು, ಆದರೆ ಇಂಥವರಿಗೆಲ್ಲ ಭೂಮಿ ಅಷ್ಟು ಸುಲಭಕ್ಕೆ ಬಾಯಿ ಬಿಡುವುದಿಲ್ಲ. ಚಿಕ್ಕಮ್ಮ ಅವನಿದ್ದ ಕಡೆಗೆ ಮುಖ ತಿರುಗಿಸಿದಳು. ಅವನ ಚಪ್ಪಲಿಯ ಸದ್ದು ಕಂಬದ ಹಿಂದಕ್ಕೆ ಸರಿಯಿತು. ಆಗ ಅವಳಿಗೆ ಅರ್ಥವಾಯಿತು.

"ನನಗೇ ಮರ್ತುಹೋಗಿರ್ಬೇಕು," ಅಂದಳು ಹೆಂಗಸರಿಗೆ. "ವಯಸ್ಸಾಯ್ತು ನೋಡಿ. ಬೇರೆ ಯಾರಿಗೋ ಬರ್ದಿದ್ದನ್ನ ನಂದು ಅಂದ್ಕೊಂಡುಬಿಟ್ಟಿದ್ದೆ."

ಇಪ್ಪತ್ತು ವರ್ಷ ಹೇಳಿಕೊಂಡು ಬಂದ ನಿಜವನ್ನು ಇವನ ಮುಖ ಉಳಿಸಲು ಒಂದೇ ನಿಮಿಷದಲ್ಲಿ ಬಿಟ್ಟುಕೊಟ್ಟಳು. ಹೆಂಗಸರು ಪಾಪ ಎಂಬಂತೆ ಅವಳ ತೋಳು ಹಿಡಿದು ಹೊರಟರು. ಆ ಮರುಕ ನೋಡಿ ಬೈಂಡರ್‌ಗೆ ತನ್ನ ಮೇಲೇ ಹೇಸಿಗೆಯಾಯಿತು. ಬಾಗಿಲಿನ ಹತ್ತಿರ ಓಡಿಹೋಗಿ ಅಡ್ಡ ನಿಂತ.

"ಚಿಕ್ಕಮ್ಮ ಹೇಳಿದ್ದು ನಿಜ. ಮೇಲೆ ಅವಳಿಗೆ ಬರೆದಿತ್ತು. ನಾನೇ ಕತ್ತರಿಸಿ ಹಾಕಿದೆ."

ಹಜಾರವೆಲ್ಲ ತಿರುಗಿ ನೋಡಿತು. ಡಾಕ್ಟರು ಬಂದರು. ಅವನು ಇನ್ನೊಮ್ಮೆ ಹೇಳಿದ: ಹನ್ನೊಂದನ್ನೂ, ನನ್ನ ಮಷಿನ್‌ನಲ್ಲಿ, ನನ್ನ ಕೈಯಾರೆ. ಡಾಕ್ಟರು ಪೆಟ್ಟಿಗೆಯ ಮೇಲೆ ಬಗ್ಗಿ ಭೂತಗನ್ನಡಿಯಲ್ಲಿ ನಾಲ್ಕೂ ಅಂಚು ನೋಡಿದರು. ಎದ್ದು ನಿಂತು ಅವನ ಹೆಗಲ ಮೇಲೆ ಕೈಯಿಟ್ಟರು.

"ಕತ್ತರಿಸಿದ ಅಂಚು ನನಗೆ ಗೊತ್ತಾಗಲ್ವೇನ್ರೀ? ಇದು ಕಾರ್ಖಾನೇದು. ಹಿರಿಯರ ಮಾನ ಉಳಿಸೋಕೆ ತಪ್ಪು ನಿಮ್ಮ ಮೇಲೆ ಹಾಕ್ಕೊಳ್ತಿದ್ದೀರಿ. ದೊಡ್ಡ ಮನಸ್ಸು ನಿಮ್ದು."

ಇಲ್ಲ, ನಿಜವಾಗಿಯೂ ನಾನೇ ಎಂದು ಅವನು ಹೇಳಿದಷ್ಟೂ ಹೆಂಗಸರ ಕಣ್ಣು ಒದ್ದೆಯಾಯಿತು. ದಪ್ಪನೆಯವಳು ಅವನ ಕೆನ್ನೆ ಸವರಿ, ಇಂಥ ಅಕ್ಕನ ಮಗ ಸಿಗೋಕೆ ಪುಣ್ಯ ಮಾಡಿರಬೇಕು ಎಂದು ಚಿಕ್ಕಮ್ಮನಿಗೆ ಹೇಳಿದಳು. ಮೂವರೂ ಅವನನ್ನು ಹೊಗಳುತ್ತಲೇ ಮೆಟ್ಟಿಲಿಳಿದರು.

ಚಿಕ್ಕಮ್ಮ ಹಿಂದೆ ಉಳಿದಳು. ತಡಕಿ ಅವನ ಕೈ ಹಿಡಿದುಕೊಂಡಳು.

"ಬಿಡು," ಅಂದಳು, ಅವನಿಗೆ ಮಾತ್ರ ಕೇಳುವಂತೆ. "ಚೆನ್ನಾಗಿ ಕತ್ತರಿಸಿದೀಯ."