ಪಾಸ್ಕೋ ಮನೆಗೆ ಹುಲ್ಲಿನ ಮಷೀನು

ಅಂಗಡಿಯ ಬಾಗಿಲಲ್ಲೇ ರೇಲೀನ್ ಪಾಸ್ಕೋ ತನ್ನ ಬಲಗೈಯನ್ನು ಕಾರ್ಡಿಗನ್ ಜೇಬಿಗೆ ತುರುಕಿಕೊಂಡಳು. ಹೊರಗೆ ಬರುವವರೆಗೆ ಆ ಕೈ ತನಗಿಲ್ಲ ಎಂದು ಕಾರಿನಲ್ಲೇ ನಿಶ್ಚಯಿಸಿಕೊಂಡು ಬಂದಿದ್ದಳು.

"ಕೈಗೆ ಏನಾಯ್ತು ಮಿಸೆಸ್ ಪಾಸ್ಕೋ?" ಎಂದ ಅಂಗಡಿಯ ಕಾಸ್ಟಾ. ಹುಡುಗನಾಗಿದ್ದಾಗ ರೇಲೀನ್ ಓಡಿಸುತ್ತಿದ್ದ ಶಾಲೆಯ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಕಿತ್ತಳೆ ಸಿಪ್ಪೆ ಎಸೆಯುತ್ತಿದ್ದವನು. ಈಗ ಹೊಟ್ಟೆ ಬಂದಿದೆ, ಕೂದಲು ಹೋಗಿದೆ. ಆದರೂ ಅವಳನ್ನು ಕಂಡರೆ ಇಂದಿಗೂ ನೆಟ್ಟಗೆ ನಿಲ್ಲುತ್ತಾನೆ.

"ಏನೂ ಆಗಿಲ್ಲ. ಇವತ್ತು ಅದಕ್ಕೆ ರಜಾ. ಒಂದೇ ಕೈಯಲ್ಲಿ ಶುರುವಾಗೋ ಹುಲ್ಲು ಕತ್ತರಿಸೋ ಮಷೀನು ತೋರಿಸು. ಅದೂ ಎಡಗೈ."

ಕಾಸ್ಟಾನಿಗೆ ತಕ್ಷಣ ಅರ್ಥವಾಯಿತು. ಎಚುಕಾ ಸಣ್ಣ ಊರು. ಅವಳ ಗಂಡ ನೆವಿಲ್ ಪಾಸ್ಕೋಗೆ ಶರತ್ಕಾಲದಲ್ಲಿ ಸ್ಟ್ರೋಕ್ ಆದದ್ದು, ಬಲಗೈ ಸೋತದ್ದು, ಮಾತು ತಡವಾಗಿ ಬರುವುದು ಎಲ್ಲರಿಗೂ ಗೊತ್ತಿತ್ತು. ಅವನು ಏನೂ ಕೇಳದೆ ಮೊದಲ ಸಾಲಿಗೆ ಕರೆದುಕೊಂಡು ಹೋದ.

ಮೊದಲಿನದು ಪೆಟ್ರೋಲಿನದು. ಹಿಡಿಕೆಯ ಮೇಲೊಂದು ಕಬ್ಬಿಣದ ಸರಳು. ಅದನ್ನು ಹಿಡಿಕೆಗೆ ಒತ್ತಿ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಹಗ್ಗ ಎಳೆಯಬೇಕು. ಸರಳು ಬಿಟ್ಟರೆ ಯಂತ್ರ ನಿಲ್ಲುತ್ತದೆ.

"ಒತ್ತೋಕೆ ಒಂದು ಕೈ, ಎಳೆಯೋಕೆ ಒಂದು ಕೈ," ಎಂದಳು ರೇಲೀನ್. "ಮೂರನೇದೊಂದು ಇದ್ದಿದ್ರೆ ಟೀ ಕುಡೀಬಹುದಿತ್ತು. ಮುಂದಿನದು."

"ಸರಳಿಗೆ ಒಂದು ತಂತಿ ಸುತ್ತಿ ಕಟ್ಟಿಬಿಟ್ರೆ ಆಯ್ತು. ನಮ್ಮಪ್ಪ ಯಾವಾಗ್ಲೂ ಹಾಗೇ ಮಾಡ್ತಿದ್ದ."

"ನಿಮ್ಮಪ್ಪನಿಗೆ ಬೆರಳೆಷ್ಟು?"

ಕಾಸ್ಟಾ ಸ್ವಲ್ಪ ಯೋಚಿಸಿದ. "ಒಂಬತ್ತೂವರೆ."

"ಮುಂದಿನದು."

ಬ್ಯಾಟರಿಯವುಗಳಲ್ಲಿ ಹಗ್ಗವಿರಲಿಲ್ಲ, ಗುಂಡಿ ಇತ್ತು. ಆದರೆ ಗುಂಡಿ ಒತ್ತಿ ಹಿಡಿದೇ ಸರಳನ್ನೂ ಅಮುಕಬೇಕು, ಗುಂಡಿಗಳೆಲ್ಲ ಬಲತುದಿಯಲ್ಲಿ. ಜಗತ್ತಿನಲ್ಲಿ ಎಲ್ಲರಿಗೂ ಬಲಗೈ ಇದ್ದೇ ಇರುತ್ತದೆ ಎಂದು ಯಾರು ಇವರಿಗೆ ಹೇಳಿದರು ಎಂದು ಅವಳು ಗೊಣಗಿದಳು. ಕೊನೆಗೆ ಕಿಟಕಿಯ ಬಳಿ ಇದ್ದ ಹಗುರವಾದ ಹಸಿರು ಯಂತ್ರವೊಂದರಲ್ಲಿ ಗುಂಡಿ ನಟ್ಟನಡುವೆ ಸಿಕ್ಕಿತು. ಎಡ ಹೆಬ್ಬೆರಳಿಂದ ಗುಂಡಿ ಒತ್ತಿ, ಉಳಿದ ಬೆರಳುಗಳಿಂದ ಸರಳನ್ನು ಎಳೆದುಕೊಂಡಳು. ಯಂತ್ರ ಗುಂಯ್ ಎಂದಿತು. ಒಂದೇ ಕೈಯಲ್ಲಿ ಎತ್ತಿ ನೋಡಿದಳು, ಎತ್ತಲೂ ಬಂತು.

"ಇದೇ," ಎಂದಳು. "ಕೆಟ್ಟು ಕೂತರೆ ನಿನ್ನನ್ನ ಮತ್ತೆ ಬಸ್ಸಿನ ಮುಂದಿನ ಸೀಟಲ್ಲಿ ಕೂರಿಸ್ತೀನಿ."

ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳಿಗೆ ಗೆದ್ದ ಸಂತೋಷ. ಗೆಲ್ಲಲೇಬೇಕಿತ್ತು. ವಿಷಯ ಹುಲ್ಲಿನದಾಗಿರಲಿಲ್ಲ.

ಅವರ ಬೀದಿಯಲ್ಲಿ ಪ್ರತಿ ಮನೆಯ ಎದುರು, ಕಾಲುದಾರಿಗೂ ರಸ್ತೆಗೂ ನಡುವೆ ಒಂದು ಹುಲ್ಲುಪಟ್ಟಿ. ಜಾಗ ಪುರಸಭೆಯದು, ಕತ್ತರಿಸುವ ಕೆಲಸ ಆಯಾ ಮನೆಯವರದು. ಗಡಿಯಲ್ಲಿ ಒಂದು ಯಂತ್ರದಗಲ ಪಕ್ಕದವರ ಹುಲ್ಲನ್ನೂ ಕತ್ತರಿಸಿದರೆ ಅದು ಸ್ನೇಹ. ಪೂರ್ತಿ ಪಟ್ಟಿ ಕತ್ತರಿಸಿದರೆ ಆ ಮನೆಯವರು ಊರಲ್ಲಿಲ್ಲ, ಆಸ್ಪತ್ರೆಯಲ್ಲಿದ್ದಾರೆ, ಇಲ್ಲವೇ ಮನೆ ಮಾರಾಟಕ್ಕಿದೆ ಎಂದು ಅರ್ಥ. ನೆವಿಲ್ ಆಸ್ಪತ್ರೆಯಲ್ಲಿದ್ದಾಗ ಪಕ್ಕದ ಮನೆಯ ಟ್ರೆವರ್ ಅವರ ಪಟ್ಟಿಯನ್ನೂ ಕತ್ತರಿಸತೊಡಗಿದ್ದ. ರೇಲೀನ್ ಹಣ್ಣಿನ ಕೇಕು ಮಾಡಿ ಕೊಟ್ಟಿದ್ದಳು. ನೆವಿಲ್ ಮನೆಗೆ ಬಂದ. ಟ್ರೆವರ್ ಮಾತ್ರ ನಿಲ್ಲಿಸಲಿಲ್ಲ. ಪ್ರತಿ ಶನಿವಾರ ಬೆಳಿಗ್ಗೆ ಅವನ ಯಂತ್ರ ಗಡಿ ದಾಟಿ ಬಂದು, ತಿರುಗಿ, ಮತ್ತೆ ಬರುತ್ತಿತ್ತು. ಒಂದು ಶನಿವಾರ ಅದು ಬರುವ ಮೊದಲೇ ನೆವಿಲ್ ಶೆಡ್ಡಿಗೆ ಹೋಗಿ ತನ್ನ ಹಳೆಯ ಪೆಟ್ರೋಲ್ ಯಂತ್ರದ ಮುಂದೆ ಬಹಳ ಹೊತ್ತು ನಿಂತಿದ್ದ. ಒಳಗಿನಿಂದ ಹಗ್ಗ ಅರ್ಧಕ್ಕೆ ಎಳೆದು ಬಿಟ್ಟ ಸದ್ದು ಕೇಳಿಸಿತು. ಮತ್ತೊಮ್ಮೆ. ಆಮೇಲೆ ಏನೂ ಇಲ್ಲ. ಹೊರಗೆ ಬಂದವನು ಬಾಗಿಲು ಹಾಕಿದ. ಆ ದಿನದಿಂದ ಬರುತ್ತಿದ್ದ ಅಷ್ಟಿಷ್ಟು ಮಾತೂ ನಿಂತುಹೋಯಿತು. ಬರದೆ ಅಲ್ಲ, ಅವನೇ ನಿಲ್ಲಿಸಿದ್ದ. ಇಷ್ಟು ವರ್ಷ ಜೊತೆಗಿದ್ದವಳಿಗೆ ಆ ವ್ಯತ್ಯಾಸ ತಿಳಿಯುತ್ತದೆ. ಮಾತಿನ ಅಭ್ಯಾಸ ಬಿಟ್ಟರೆ ಇರುವುದೂ ಹೋಗುತ್ತದೆ ಎಂದು ಚಿಕಿತ್ಸೆ ಕೊಡುವಾಕೆ ಎಚ್ಚರಿಸಿದ್ದಳು.

ಹಾಗಾಗಿಯೇ ಈ ಯಂತ್ರ.

ಶನಿವಾರ ಬೆಳಿಗ್ಗೆ ಅವಳು ಅದನ್ನು ಹುಲ್ಲುಪಟ್ಟಿಗೆ ತಂದು ನಿಲ್ಲಿಸಿದಳು. "ನೋಡು ನೆವ್, ಹೆಬ್ಬೆರಳು ಇಲ್ಲಿ, ಮಿಕ್ಕ ಬೆರಳು ಇಲ್ಲಿ. ಹಗುರ, ಹಂಸದ ಗರಿ ಹಾಗೆ. ನೀನು ಸುಮ್ಮನೆ ಹಿಂದೆ ನಡೆದರೆ ಸಾಕು."

ನೆವಿಲ್ ಯಂತ್ರವನ್ನು ನೋಡಿದ, ಅವಳನ್ನು ನೋಡಿದ. ಎಡಗೈ ಇಟ್ಟ. ಯಂತ್ರ ಶುರುವಾಯಿತು. ರೇಲೀನ್ ಚಪ್ಪಾಳೆ ತಟ್ಟಿದಳು. ಅವನು ಬಲಗಾಲನ್ನು ಎಳೆದಿಡುತ್ತಾ ಎರಡು ಹೆಜ್ಜೆ ಹೋದ. ಮೂರನೆಯದಕ್ಕೆ ದೇಹದ ತೂಕ ಹಿಡಿಕೆಯ ಮೇಲೆ ಬಿತ್ತು. ಹಗುರ ಯಂತ್ರ ಮುಂದಕ್ಕೆ ಜಾರಿತು. ಅವನು ಸರಳು ಬಿಟ್ಟ, ಯಂತ್ರ ನಿಂತಿತು, ಅವನು ಮೊಣಕಾಲ ಮೇಲೆ ಕುಸಿದ.

ಪೆಟ್ಟೇನೂ ಆಗಲಿಲ್ಲ. ಆದರೆ ಟ್ರೆವರ್ ಓಡಿಬಂದ. "ಏಳು ಮಾರಾಯ, ಏಳು. ನಿನಗ್ಯಾಕೆ ಈ ಉಸಾಬರಿ? ನಾನಿಲ್ವಾ?" ಎಂದು ಎತ್ತಿ ನಿಲ್ಲಿಸಿ, ಮೈಮೇಲಿನ ಹುಲ್ಲು ಕೊಡವಿ, ತನ್ನ ಯಂತ್ರ ತಂದು ಪಟ್ಟಿಯನ್ನು ಪೂರ್ತಿ ಕತ್ತರಿಸಿಕೊಟ್ಟು ಹೋದ. ಒಳ್ಳೆಯ ಮನುಷ್ಯ. ಅವನಿಗೆ ಬಯ್ಯಲೂ ಆಗದಷ್ಟು ಒಳ್ಳೆಯವನು.

ಅಡುಗೆಮನೆಯಲ್ಲಿ ರೇಲೀನ್ ಟೀ ಮಾಡಿಟ್ಟಳು. ಮಾತಾಡುತ್ತಲೇ ಇದ್ದಳು. ಚಕ್ರದ ತಪ್ಪು, ಇಳಿಜಾರಿನ ತಪ್ಪು, ಮುಂದಿನ ವಾರ ನೆಲ ಒಣಗಿದಾಗ ನೋಡೋಣ. ನೆವಿಲ್ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಬಾಯಿ ತೆರೆದ.

"ಸಕ್ಕರೆನಾ?" ಎಂದಳು.

ಅಲ್ಲವೆಂದು ತಲೆಯಾಡಿಸಿದ.

"ಹಾಲು? ಬಿಸ್ಕತ್ತು? ಮಂಡಿ ನೋಯ್ತಿದ್ಯಾ? ಮಲಗ್ತೀಯಾ?"

ಒಂದೂ ಅಲ್ಲವೆಂದು ಮತ್ತೆ ತಲೆಯಾಡಿಸಿದ. ಅವನ ಕಣ್ಣಲ್ಲಿ ಸಿಟ್ಟಿತ್ತು, ಆದರೆ ಅದು ಟ್ರೆವರ್ ಮೇಲಿನದಾಗಿರಲಿಲ್ಲ. ಅವನ ಪ್ರತಿ ಮಾತಿನ ಅರ್ಧದಲ್ಲಿ ನುಗ್ಗಿ ಉಳಿದರ್ಧವನ್ನು ತಾನೇ ಮುಗಿಸುತ್ತಾ ಬಂದಿದ್ದೇನೆ ಎಂಬುದು ರೇಲೀನ್‌ಗೆ ಆಗ ಹೊಳೆಯಿತು. ಗಡಿ ದಾಟಿ ಬಂದು ಪೂರ್ತಿ ಪಟ್ಟಿ ಕತ್ತರಿಸಿ ಹೋಗುವವನು ಟ್ರೆವರ್ ಒಬ್ಬನೇ ಅಲ್ಲ.

ಅವಳು ಎದುರಿನ ಕುರ್ಚಿಯಲ್ಲಿ ಕೂತಳು. ಒಂದು ಬಸ್ಸು ತುಂಬ ಮಕ್ಕಳನ್ನು ಬಾಯಿಂದಲೇ ಹದ್ದುಬಸ್ತಿನಲ್ಲಿಟ್ಟವಳಿಗೆ ಬಾಯಿ ಮುಚ್ಚುವುದು ಹೊಸ ಕೆಲಸ. ಮುಚ್ಚಿದಳು. ಫ್ರಿಜ್ಜಿನ ಸದ್ದು ಕೇಳಿಸಿತು. ಹೊರಗೆ ಗೂಡು ಕಾಯುತ್ತಿದ್ದ ಯಾವುದೋ ಮ್ಯಾಗ್‌ಪೈ ಹಕ್ಕಿ ಸೈಕಲ್ ಸವಾರನ ಹೆಲ್ಮೆಟ್ಟಿಗೆ ಎರಗಿ ಕುಕ್ಕಿದ ಸದ್ದು, ಅವನು ಬೈದದ್ದು ಕೇಳಿಸಿತು. ಮೌನ ತಾನು ಅಂದುಕೊಂಡಿದ್ದಷ್ಟು ಖಾಲಿ ಇರಲಿಲ್ಲ. ಅದರೊಳಗೆ ಅವನು ಹುಡುಕುತ್ತಿದ್ದ. ಹುಡುಕುವವನಿಗೆ ಜಾಗ ಬೇಕು.

"ಭಾ...ರ," ಎಂದ ನೆವಿಲ್.

ಅವಳಿಗೆ ಅರ್ಥವಾಗಲಿಲ್ಲ. ಕೇಳಬೇಕೆನಿಸಿತು, ಕೇಳಲಿಲ್ಲ.

"ಭಾರದ್ದು ಬೇಕು," ಎಂದ. ಇನ್ನೂ ಬಹಳ ಹೊತ್ತಾದ ಮೇಲೆ, "ನಾ...ನೇ ನೋಡ್ತೀನಿ."

ಸೋಮವಾರ ಅವಳು ಹಸಿರು ಯಂತ್ರವನ್ನು ಕಾರಿನ ಹಿಂಬದಿಗೆ ಹಾಕಿ, ನೆವಿಲ್‌ನನ್ನು ಮುಂದೆ ಕೂರಿಸಿಕೊಂಡು ಅಂಗಡಿಗೆ ಹೋದಳು.

"ಇದಕ್ಕೆ ಹುಲ್ಲು ಮೆತ್ತಿದೆ ಮಿಸೆಸ್ ಪಾಸ್ಕೋ. ವಾಪಸ್ ತಗೊಳ್ಳೋದು ಹೇಗೆ?"

"ಒಳ್ಳೇ ಹುಲ್ಲು, ಇಟ್ಕೋ. ಬದಲಿಗೆ ಇನ್ನೊಂದು ಕೊಡು."

"ಸರಿ. ಇವರಿಗೆ ಎಂಥದ್ದು ಬೇಕಂತೆ?"

"ಅದನ್ನ ನನ್ನ ಯಾಕೆ ಕೇಳ್ತೀಯಾ? ನಾನು ಡ್ರೈವರ್ರು. ಪ್ರಯಾಣಿಕ ಅಲ್ಲಿ ನಿಂತಿದ್ದಾನೆ."

ಕಾಸ್ಟಾ ಕೆಂಪಗಾದ. ನೆವಿಲ್ ಕಡೆ ತಿರುಗಿ, "ಕ್ಷಮಿಸಿ ನೆವ್. ಹೇಳಿ," ಎಂದ. ಹೇಳಿ ಸುಮ್ಮನೆ ನಿಂತ. ಅದೊಂದನ್ನು ಅವನು ಬಸ್ಸಿನಲ್ಲಿ ಚೆನ್ನಾಗಿಯೇ ಕಲಿತಿದ್ದ.

ನೆವಿಲ್ ಗುಂಡಿ ಎಲ್ಲಿದೆ ಎಂದು ನೋಡಲೂ ಇಲ್ಲ. ಮೊದಲ ಯಂತ್ರದ ಬಳಿ ಹೋಗಿ ಎರಡೂ ಮೊಣಕೈ ಹಿಡಿಕೆಯ ಮೇಲಿಟ್ಟು ಮೈಯ ಅಷ್ಟೂ ಭಾರವನ್ನು ಬಿಟ್ಟ. ಯಂತ್ರ ಮುಂದಕ್ಕೋಡಿತು. ಎರಡನೆಯದೂ ಓಡಿತು. ಮತ್ತೊಂದರ ಹಿಡಿಕೆ ಬಾಗಿತು. ರೇಲೀನ್ ಎರಡು ಸಲ ಹಿಡಿದುಕೊಳ್ಳಲು ಮುಂದೆ ಬಂದು, ಎರಡು ಸಲವೂ ಅಲ್ಲೇ ನಿಂತಳು.

"ಕಾರು ಕೊಳ್ಳೋರು ಟೈರಿಗೆ ಒದ್ದು ನೋಡ್ತಾರೆ. ಹುಲ್ಲಿನ ಮಷೀನಿನ ಮೇಲೆ ಮಲಗಿ ನೋಡಿದವರನ್ನ ಇವತ್ತೇ ನೋಡಿದ್ದು," ಎಂದ ಕಾಸ್ಟಾ.

ನೆವಿಲ್ ನಕ್ಕ. ಬಾಯಿ ಒಂದೇ ಬದಿಗೆ ಹೋಯಿತು, ಆದರೆ ನಗು ಪೂರ್ತಿಯಾಗಿತ್ತು.

ಹಿಂದಿನ ಮೂಲೆಯಲ್ಲಿ ಉಕ್ಕಿನ ಮೈಯ, ದೊಡ್ಡ ಹಿಂಬದಿ ಚಕ್ರಗಳ ಒಂದು ಬ್ಯಾಟರಿ ಯಂತ್ರವಿತ್ತು. ಅದರ ಮೇಲೆ ಯಾರೋ ಗೊಬ್ಬರದ ಚೀಲ ಇಟ್ಟಿದ್ದರು. ನೆವಿಲ್ ಚೀಲವನ್ನು ಗದ್ದದಿಂದ ತೋರಿಸಿದ. ಕಾಸ್ಟಾ ಚೀಲ ಇಳಿಸಿದ. ನೆವಿಲ್ ಹಿಡಿಕೆಯ ಮೇಲೆ ಒರಗಿದ. ಯಂತ್ರ ಅಲುಗಲಿಲ್ಲ. ಇನ್ನಷ್ಟು ಒರಗಿದ. ದನದ ಹಾಗೆ ನಿಂತೇ ಇತ್ತು. ತಳ್ಳಿದ. ಅದು ಯೋಚಿಸಿ ನೋಡುವಂತೆ ಒಂದು ಕ್ಷಣ ತಡೆದು, ಅವನ ಕಾಲಿನ ವೇಗಕ್ಕೇ ಮೆಲ್ಲಗೆ ಉರುಳಿತು.

"ಅದನ್ನ ಯಾರೂ ತಗೊಳ್ಳಲ್ಲ," ಎಂದ ಕಾಸ್ಟಾ ಪ್ರಾಮಾಣಿಕವಾಗಿ. "ತುಂಬಾ ಭಾರ ಅಂತಾರೆ. ಆದ್ರೆ ನಮ್ಮ ಮನೇಲಿರೋದು ಅದೇ. ಕಿಕುಯು ಹುಲ್ಲು ಎಷ್ಟೇ ದಟ್ಟ ಇದ್ರೂ ಉಸಿರು ಕಟ್ಟಲ್ಲ, ಇವತ್ತಿನವರೆಗೂ ರಿಪೇರಿಗೆ ಬಿಚ್ಚಿಲ್ಲ."

ರೇಲೀನ್‌ಗೆ ಕಂಡದ್ದು ಬೇರೆ. ಗುಂಡಿ ಬಲತುದಿಯಲ್ಲಿತ್ತು. ಎಡಗೈ ಆ ತುದಿಗೆ ಹೋದರೆ ಸರಳನ್ನು ಒತ್ತುವವರು ಯಾರು? ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಅವಳು ಗೊಬ್ಬರದ ಚೀಲದ ಮೇಲೆ ಬರೆದದ್ದನ್ನು ಓದತೊಡಗಿದಳು. ಟೊಮೆಟೊ ಗಿಡಗಳಿಗೆ ಶ್ರೇಷ್ಠ ಎಂದಿತ್ತು.

ನೆವಿಲ್ ಎಡಗೈಯಿಂದ ತನ್ನ ಬಲಗೈಯನ್ನು ಮಣಿಕಟ್ಟಿನಲ್ಲಿ ಹಿಡಿದೆತ್ತಿದ, ತನ್ನದಲ್ಲದ ಸಾಮಾನನ್ನು ಎತ್ತುವ ಹಾಗೆ. ಎತ್ತಿ, ಮುಂಗೈಯನ್ನು ಸರಳಿನ ಮೇಲೆ ಅಡ್ಡಲಾಗಿ ಮಲಗಿಸಿದ. ಕೈಗೆ ಬಲವಿರಲಿಲ್ಲ, ತೂಕವಿತ್ತು. ಮೇಲಿಂದ ಅವನು ಒರಗುತ್ತಲೇ ಸರಳು ಹಿಡಿಕೆಗೆ ಹೋಗಿ ಕೂತಿತು. ಬಿಡುವಾದ ಎಡಗೈ ಅಡ್ಡಬಂದು ಗುಂಡಿ ಒತ್ತಿತು. ಯಂತ್ರ ಗುಡುಗಿತು.

ರೇಲೀನ್ ಚೀಲದಿಂದ ತಲೆಯೆತ್ತಿದಳು. ತಾನು ಜೇಬಿಗೆ ತುರುಕಿ ಲೆಕ್ಕದಿಂದಲೇ ತೆಗೆದುಹಾಕಿದ್ದ ಕೈ ಅದು. ಅವನು ಅದಕ್ಕೆ ಕೆಲಸ ಕೊಟ್ಟಿದ್ದ.

"ಬಿದ್ರೆ?" ಎಂದು ಕಾಸ್ಟಾ ಆ ಸದ್ದಿನಲ್ಲಿ ಕೂಗಿದ.

ನೆವಿಲ್ ಮೈಯನ್ನು ಒಂದಿಷ್ಟು ಹಿಂದಕ್ಕೆ ತೆಗೆದ. ಕೈ ಜಾರಿತು, ಸರಳು ಮೇಲೆದ್ದಿತು, ಯಂತ್ರ ನಿಂತುಹೋಯಿತು.

"ನಿ...ಲ್ಲುತ್ತೆ," ಎಂದ. ಆಮೇಲೆ ಕಾಸ್ಟಾನಿಗಲ್ಲ, ಹೆಂಡತಿಗೆ: "ಇದೇ."

ಮರುಶನಿವಾರ ಟ್ರೆವರ್ ತನ್ನ ಪಟ್ಟಿ ಮುಗಿಸಿ ಗಡಿಗೆ ಬರುವ ಹೊತ್ತಿಗೆ ನೆವಿಲ್ ಆಗಲೇ ಪಟ್ಟಿಯಲ್ಲಿದ್ದ. ರೇಲೀನ್ ವರಾಂಡದಲ್ಲಿ ಬಟಾಣಿ ಸುಲಿಯುತ್ತಾ ಕೂತಿದ್ದಳು. ಬಟಾಣಿ ಸುಲಿಯುವ ಅಗತ್ಯ ಅಂದು ಇರಲಿಲ್ಲ, ಕೈಗೆ ಕೆಲಸ ಬೇಕಿತ್ತು. ಉಕ್ಕಿನ ಯಂತ್ರ ಮುಂದೆ, ಅದಕ್ಕೆ ಒರಗಿದ ನೆವಿಲ್ ಹಿಂದೆ, ಬಲಗಾಲು ಅವನ ಹಿಂದೆ ಗೀರು ಎಳೆಯುತ್ತಾ. ಸಾಲುಗಳು ನೆಟ್ಟಗಿರಲಿಲ್ಲ. ಮೊದಲನೆಯದು ಅಂಚೆಪೆಟ್ಟಿಗೆಯ ಕಡೆ ಸೊಟ್ಟಗೆ ಹೋಗಿತ್ತು, ಎರಡನೆಯದು ಅದನ್ನು ತಿದ್ದಲು ಹೋಗಿ ಇನ್ನೊಂದು ಕಡೆಗೆ ವಾಲಿತ್ತು. ಪಟ್ಟಿಯ ನಡುವಿಗೆ ಬರುವಷ್ಟರಲ್ಲಿ ಅವನ ಅಂಗಿ ಬೆನ್ನಿಗೆ ಅಂಟಿತ್ತು. ಅವನು ಹಿಂದಕ್ಕೆ ಸರಿದ. ಯಂತ್ರ ನಿಂತಿತು.

ಬೀದಿಯೆಲ್ಲ ಒಮ್ಮೆಲೇ ಸದ್ದಿಲ್ಲದಂತಾಯಿತು. ಟ್ರೆವರ್ ಕೂಡ ತನ್ನದನ್ನು ಆರಿಸಿದ್ದ.

"ಭೇಷ್ ಮಾರಾಯ!" ಎಂದ ಟ್ರೆವರ್. "ಸಾಕು, ಇವತ್ತಿಗೆ ಇಷ್ಟು ಮಾಡಿದ್ದೇ ಹೆಚ್ಚು. ಉಳಿದದ್ದನ್ನ ನಾನು ಒಂದೇ ಏಟಿಗೆ ಎಳೆದುಬಿಡ್ತೀನಿ. ಹೀಗೆ ಅರ್ಧ ಬಿಟ್ರೆ ಚೆನ್ನಾಗಿರಲ್ಲ."

ನೆವಿಲ್ ಬಾಯಿ ತೆರೆದ. ಮಾತು ಬರಲಿಲ್ಲ. ಟ್ರೆವರ್ ಅಭ್ಯಾಸದಂತೆ ವರಾಂಡದ ಕಡೆ ನೋಡಿದ, ಉತ್ತರಕ್ಕಾಗಿ. ರೇಲೀನ್ ಒಂದು ಬಟಾಣಿಯನ್ನು ಬಿಡಿಸಿದಳು, ಕಾಳುಗಳನ್ನು ಬಟ್ಟಲಿಗೆ ಬೀಳಿಸಿದಳು, ಇನ್ನೊಂದನ್ನು ಎತ್ತಿಕೊಂಡಳು. ಟ್ರೆವರ್ ಬೇರೆ ದಾರಿಯಿಲ್ಲದೆ ಮತ್ತೆ ನೆವಿಲ್ ಕಡೆ ತಿರುಗಿ ಕಾಯತೊಡಗಿದ. ಕಾಯುವುದು ಅವನಿಗೂ ಹೊಸದು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ, ಟೋಪಿ ತೆಗೆದ, ಹಾಕಿಕೊಂಡ.

"ಬೇ...ಡ," ಎಂದ ನೆವಿಲ್. "ನಾಳೆ."

"ನಾಳೆ ನಾನು ಮಾಡ್ಲಾ?"

"ನಾ...ನು."

ಟ್ರೆವರ್ ಅರ್ಧ ಕತ್ತರಿಸಿದ ಪಟ್ಟಿಯನ್ನು ನೋಡಿದ. ಒಂದು ಕಡೆ ಗಿಡ್ಡ, ಒಂದು ಕಡೆ ಬೆರಳುದ್ದ, ನಡುವೆ ಕುಡುಕ ಎಳೆದಂಥ ಗೆರೆ. ಇಂಥದ್ದನ್ನು ರಾತ್ರಿಯಿಡೀ ಬೀದಿಗೆ ತೋರಿಸಿಕೊಂಡು ಬಿಟ್ಟವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಅವನು ಅದನ್ನು ಹೇಳಲು ಹೊರಟು, ನೆವಿಲ್ ಮುಖ ನೋಡಿ, ಹೇಳಲಿಲ್ಲ.

"ಸರಿ ಮಾರಾಯ," ಎಂದ ಕೊನೆಗೆ. "ನಾಳೆ ಎಷ್ಟು ಹೊತ್ತಿಗೆ? ನಾನು ಮಲಗಿರ್ತೀನಿ, ಸದ್ದು ಜೋರು ನಿನ್ನ ಮಷೀನು."

ನೆವಿಲ್ ಹಿಡಿಕೆಗೆ ಒರಗಿ ಉಸಿರು ತೆಗೆದುಕೊಂಡ. ಈ ಸಲ ಯಾರೂ ಅವನಿಗೆ ಆತುರ ಮಾಡಲಿಲ್ಲ.

"ನಾನು ಎ...ದ್ದಾಗ," ಎಂದ.

ಟ್ರೆವರ್ ಜೋರಾಗಿ ನಕ್ಕು ತನ್ನ ಯಂತ್ರವನ್ನು ಮನೆಯ ಕಡೆಗೆ ತಿರುಗಿಸಿದ. ಅದರ ಚಕ್ರಗಳು ಗಡಿ ದಾಟದೆ ಅವನದೇ ಹುಲ್ಲಿನ ಮೇಲೆ ಉರುಳಿಕೊಂಡು ಹೋದವು.