ಉಡದಾರದ ಗಂಟು

“ಮಲಗುವುದು ಬೇಡ ಮಾರಾಯ್ರೆ, ಕೂತ್ಕೊಳ್ಳಿ. ಮಲಗಿದರೆ ಯಾರ ಹೊಟ್ಟೆಯೂ ಕೇರಂ ಬೋರ್ಡಿನ ಹಾಗೇ ಇರ್ತದೆ. ಊಟಕ್ಕೆ ಕೂತ ಹಾಗೆ ಕೂತ್ಕೊಳ್ಳಿ, ನೋಡುವ.”

ಹೀಗಂದವನು ವಡಾಲದ ಕೊರಗ. ಉಡುಪಿ ಹೋಟೆಲೊಂದರಲ್ಲಿ ದೋಸೆ ಕಾವಲಿಯ ಮುಂದೆ ನಿಂತೇ ತಲೆ ನರೆಸಿಕೊಂಡವನು. ಅವನ ಹೊಟ್ಟೆಗೂ ವರ್ಷಗಳಿಂದ ಚೀಲ ಅಂಟಿಕೊಂಡಿದೆ, ಒಮ್ಮೆ ಕರೆದು ಮಾತಾಡಿಸಿ ಎಂದು ಆಸ್ಪತ್ರೆಯ ಸಿಸ್ಟರ್ ಸಾಯಬಣ್ಣನಿಗೆ ನಂಬರು ಕೊಟ್ಟಿದ್ದಳು. ಅವನು ಫೋನಿನಲ್ಲಿ ಮಾತಾಡಿ ಮುಗಿಸುವ ಜಾತಿಯವನಲ್ಲ. ಲೋಕಲ್ ರೈಲು ಹತ್ತಿ ಬಂದೇ ಬಿಟ್ಟಿದ್ದ.

ಸಾಯಬಣ್ಣ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿದ. ಕುರ್ಲಾದ ಆ ಚಾಳಿನಲ್ಲಿ ಹಗಲು ಹೊತ್ತು ಬಾಗಿಲು ಹಾಕಿದೆಯೆಂದರೆ ಒಳಗೆ ಜಗಳ ನಡೆದಿರಬೇಕು, ಇಲ್ಲವೇ ಹೆಣ ಬಿದ್ದಿರಬೇಕು. ಅವನ ಖೋಲಿಯ ಬಾಗಿಲು ಮಾತ್ರ ಆಪರೇಷನ್ ಆದಾಗಿನಿಂದ ಮುಚ್ಚೇ ಇತ್ತು. ಕಿಟಕಿಗೆ ಹಳೆಯ ಸೀರೆ, ಮೂಲೆಯಲ್ಲಿ ಆರದ ಊದುಬತ್ತಿ. ಗ್ಯಾಲರಿಯಲ್ಲಿ ಓಡಾಡುವವರ ಚಪ್ಪಲಿಯ ಸದ್ದು ಬಾಗಿಲ ಹತ್ತಿರ ಬಂದಾಗ ಒಂದು ಕ್ಷಣ ನಿಧಾನವಾಗುತ್ತದೆ, ವಾಸನೆ ನೋಡಲಿಕ್ಕೆ, ಎಂದು ಅವನಿಗೆ ಅನ್ನಿಸುತ್ತಿತ್ತು.

ವೈದ್ಯರು ಗಡ್ಡೆ ತೆಗೆದು, ಕರುಳಿನ ತುದಿಯನ್ನು ಹೊಟ್ಟೆಯ ಬಲಗಡೆ ಹೊರಕ್ಕೆ ತಂದು ಕೂರಿಸಿದ್ದರು. ಇನ್ನು ಮುಂದೆ ಮಲವೆಲ್ಲ ಆ ಕೆಂಪು ಬಾಯಿಯಿಂದ ಚೀಲಕ್ಕೆ. ಚೀಲವನ್ನು ಹಿಡಿದಿಡುವುದು ಬಾಯಿಯ ಸುತ್ತ ಚರ್ಮಕ್ಕೆ ಅಂಟಿಸುವ ಒಂದು ಬಿಲ್ಲೆ. ಆಸ್ಪತ್ರೆಯಲ್ಲಿ ಕಲ್ಲಿನಂತೆ ಕೂತ ಆ ಬಿಲ್ಲೆ ಮನೆಗೆ ಬಂದರೆ ಒಂದು ಹೊತ್ತು ನಿಲ್ಲುತ್ತಿರಲಿಲ್ಲ.

ಮಗಳು ರಂಜನಾ ಹೆತ್ತಾಗ ದಹಿಸರಿನ ಅವಳ ಮನೆಗೆಂದು ಅವನು ಹೊರಟದ್ದೂ ಆಗಿತ್ತು. ಕೈಯೆತ್ತಲೂ ಜಾಗವಿಲ್ಲದ ರೈಲು ಡಬ್ಬಿಯಲ್ಲಿ, ಮುಂದಿನ ಸ್ಟೇಷನ್ ಸಾಯನ್ ಬರುವಷ್ಟರಲ್ಲಿ ಬಿಲ್ಲೆ ಬಿಟ್ಟುಕೊಂಡು, ಅವನ ಸುತ್ತ ತಾನಾಗಿ ಜಾಗವಾಯಿತು. ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು. ಸಾಯನ್‌ನಲ್ಲಿ ಇಳಿದವನು ಶರ್ಟು ಹೊಟ್ಟೆಗೆ ಅವುಚಿಕೊಂಡು ನಡೆದೇ ಮನೆ ಸೇರಿದ್ದ. ಅಂದಿನಿಂದ ಈ ನಾಲ್ಕು ಗೋಡೆ.

ನಾಳೆ ಕೂಸಿನ ತೊಟ್ಟಿಲು. “ಪಪ್ಪಾ, ನೀವು ಬಂದ್ರನs ನಾಮ್‌ಕರಣ. ನಹೀಂ ತೋ ಕ್ಯಾನ್ಸಲ್,” ಎಂದು ಮಗಳು ಫೋನಿಟ್ಟಿದ್ದಳು.

ಕೊರಗ ಒದ್ದೆ ಬಟ್ಟೆಯಿಂದ ಚರ್ಮ ಒತ್ತುತ್ತ ಬಿಲ್ಲೆಯನ್ನು ಮೆಲ್ಲಗೆ ಬಿಡಿಸಿದ. ಸುತ್ತಲ ಚರ್ಮ ಬೆಂದಂತೆ ಕೆಂಪಾಗಿತ್ತು. ಕೂತಾಗ ಹೊಟ್ಟೆ ಮಡಚಿ ಒಂದು ಆಳವಾದ ಗೆರೆಯಾಗಿತ್ತು. ಆ ಗೆರೆಯೊಳಗೆ ಏನೋ ಕಪ್ಪಗೆ ಹೂತಿತ್ತು.

“ಇದೆಂತದು? ಉಡಿದಾರವಾ? ಇದರ ಮೇಲೆಯೇ ಬಿಲ್ಲೆ ಅಂಟಿಸಿದ್ದಾ?”

ಸಾಯಬಣ್ಣ ಹೆಂಡತಿಯ ಕಡೆ ನೋಡಿದ. ಮಹಾದೇವಿ ಮೊಮ್ಮಗನ ಕುಂಚಿಗೆ ಹೊಲಿಯುತ್ತ ಕೂತಿದ್ದಳು. ಸೂಜಿ ನಿಂತಿತು.

“ಮ್ಯಾಲ ಬಿಟ್ರ ಚೀಲಕ್ಕ ತೊಡಕತದ ಅಂತ ಕೆಳಗ ಮಾಡೀನ್ರಿ.”

“ಸಿಸ್ಟರ್ ನೋಡಲಿಲ್ಲವಾ?”

“ಆಕಿ ನೋಡಿದ್ರ ಕತ್ತರಿ ತರ್ತಾಳ. ಆಸ್ಪತ್ರಿ ಗೇಟಿನ್ಯಾಗ ಬಿಚ್ಚಿ ಚಂಚಿಯೊಳಗ ಇಟ್ಕೋತಿದ್ದೆ. ಹೊರಗ ಬಂದಕೂಡ್ಲೆ ಕಟ್ತಿದ್ದೆ.”

ಕೊರಗನಿಗೆ ನಗು ಬಂತು. ಅವಳ ಮುಖ ನೋಡಿ ನುಂಗಿಕೊಂಡ. “ಅಕ್ಕ, ದೀಪದ ಬತ್ತಿ ಎಣ್ಣೆ ಎಳಿಯುದಿಲ್ವಾ? ಇದೂ ಹಾಗೇ. ಒಳಗಿನ ನೀರು ಇದನ್ನೇ ಹಿಡಿದು ಹೊರಗೆ ಬರ್ತದೆ. ನೀವು ಅಮೆರಿಕದ ಬಿಲ್ಲೆ ತಂದರೂ ಅಷ್ಟೇ.”

ಸಾಯಬಣ್ಣ ಟೈಲ್ಸ್ ಮಿಸ್ತ್ರಿ. ಈ ಊರಿನ ಎಷ್ಟೋ ಬಿಲ್ಡಿಂಗುಗಳ ಬಾತ್‌ರೂಮಿಗೆ ಅವನ ಕೈ ಬಿದ್ದಿದೆ. ಅಡಿಯಲ್ಲಿ ಒಂದು ಹರಳು ಉಳಿದರೂ ಟೈಲ್ಸ್ ಟೊಳ್ಳು ಸದ್ದು ಮಾಡುತ್ತದೆಂದು ಹುಡುಗರಿಗೆ ಬೈದು ಕಿತ್ತಿಸಿದವನು. ಈಗ ತನ್ನ ಹೊಟ್ಟೆಯ ಮೇಲೆ ಅದೇ ಕೆಲಸ ಆಗಿದೆಯಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಹೇಳಿದರೆ ಹೆಂಡತಿಗೆ ನೋವು.

“ದಾರ ತೆಗೀರಿ. ಈ ಗೆರೆಗೆ ಪೇಸ್ಟು ತುಂಬಿಸುವ, ನೀವು ಸಂದಿ ತುಂಬಿಸ್ತೀರಲ್ಲ, ಹಾಗೆ. ಆಮೇಲೆ ನಿಂತು, ಸ್ವಲ್ಪ ಹಿಂದೆ ಬಾಗಿ, ಚರ್ಮ ಎಳೆದು ಹಿಡಿದು ಅಂಟಿಸಿ ಅಂಗೈ ಬಿಸಿ ಕೊಡುವ. ನಾಳೆ ದಹಿಸರ್ ಎಂತ, ಅದರಾಚೆ ವಿರಾರ್‌ವರೆಗೂ ಹೋಗಿ.”

“ತೆಗಿಯೂದಿಲ್ರಿ,” ಎಂದಳು ಮಹಾದೇವಿ. “ಆಪರೇಷನ್ನಿಗಿ ಒಯ್ದಾಗ ಕೇಳದs ಕತ್ತರಿಸಿದ್ರು. ಆಮ್ಯಾಲ ಇವ್ರು ಕಣ್ಣs ತೆರೀಲಿಲ್ಲ. ಗಾಜಿನಾಚಿ ನಿಂತು ನೋಡಿದಾಕಿ ನಾನು. ಮನಿಗಿ ತಂದ ದಿನ ನಾನs ಕಟ್ಟೀನಿ. ಉಡದಾರ ಹರಿಯೂದು ಹೆಣಕ್ಕ, ಅಣ್ಣಾರ.”

“ನನ್ನದನ್ನೂ ಅಲ್ಲೇ ಕತ್ತರಿಸಿದ್ದು. ಸತ್ತವ ಟಿಕೆಟ್ ತೆಗೆದು ವಡಾಲದಿಂದ ಬರ್ತಾನಾ?” ಕೊರಗ ಶರ್ಟು ಎತ್ತಿ ತೋರಿಸಿದ. ದುಂಡು ಹೊಟ್ಟೆಯ ಮೇಲೆ ಅವನ ಬಿಲ್ಲೆ ಕಾವಲಿಗೆ ಹೊಯ್ದ ಸೆಟ್ ದೋಸೆಯಂತೆ ಕೂತಿತ್ತು.

“ನಿಮ್ಮ ಕಡಿ ಮಂದಿ ಮೀನ ತಿಂದು ಗಟ್ಟಿ ಇರ್ತೀರಿ. ನಮ್ದು ಹಂಗಲ್ಲ.”

“ಒಂದು ಗಳಿಗಿ ಬಿಚ್ಚು, ಮಾದೇವಿ,” ಎಂದ ಸಾಯಬಣ್ಣ. “ಆಸ್ಪತ್ರಿ ಅಂತ ತಿಳಕೊ.”

ಅವಳು ಎದ್ದು ಬಂದು ಗಂಟಿಗೆ ಕೈ ಹಾಕಿದಳು. ಸಾಯನ್‌ನಲ್ಲಿ ಹಾಗಾದ ದಿನ ಅವಳೇ ಗಂಟಿನ ಮೇಲೆ ಗಂಟು ಬಿಗಿದಿದ್ದಳು. ಅಷ್ಟು ದಿನ ಒದ್ದೆಯಾಗಿ ಒಣಗಿ ಅದು ಹುಣಸೆ ಬೀಜದಂತಾಗಿತ್ತು. ಉಗುರು ಸೋತಿತು. ಸೂಜಿಯ ಮೊನೆ ಬಾಗಿತು. ಕೆಳಕ್ಕೆ ಜಾರಿಸೋಣವೆಂದರೆ ಸೊಂಟದ ಎಲುಬು ದಾಟಲೊಲ್ಲದು. ಸಾಯಬಣ್ಣ ಕೆಂಪು ಬಾಯಿಗೆ ಹತ್ತಿ ಬಟ್ಟೆ ಒತ್ತಿ ಹಿಡಿದು ಕೂತಿದ್ದ. ಗ್ಯಾಲರಿಯಲ್ಲಿ ಯಾರೋ ನಕ್ಕರು. ತನ್ನನ್ನೇ ನೋಡಿ ನಕ್ಕಂತೆ ಅವನ ಕಿವಿ ಬಿಸಿಯಾಯಿತು. ಸೊಂಟಕ್ಕೆ ಈ ದಾರ, ದಾರದಾಚೆ ಈ ಬಾಗಿಲು. ಎರಡೂ ಅವನನ್ನು ಕಾಯಲಿಕ್ಕೆಂದೇ ಬಿಗಿದವು.

ಕೊರಗ ಬಿಲ್ಲೆಗೆ ತೂತು ಕತ್ತರಿಸುವ ಸಣ್ಣ ಡೊಂಕು ಕತ್ತರಿಯನ್ನು ಚಾಪೆಯ ಮೇಲಿಟ್ಟು, “ನಾನು ಹೊರಗೆ ನಿಂತಿರ್ತೇನೆ,” ಎಂದು ಚಹಾದ ಲೋಟ ಹಿಡಿದು ಹೋದ. ಮಹಾದೇವಿ ಅವನ ಹಿಂದೆಯೇ ಚಿಲಕ ಹಾಕಿದಳು.

ಕತ್ತರಿಯನ್ನು ಇಬ್ಬರೂ ನೋಡಿದರು. ಇಬ್ಬರೂ ಮುಟ್ಟಲಿಲ್ಲ. ಸಾಯಬಣ್ಣನಿಗೂ ಹೆದರಿಕೆ ಇರಲಿಲ್ಲವೆಂದಲ್ಲ. ಊರಲ್ಲಿ ಅಪ್ಪನ ಹೆಣಕ್ಕೆ ನೀರು ಹಾಕುವಾಗ ಸೊಂಟದ ದಾರ ಹರಿದದ್ದು ಅವನೇ.

“ಬಿಡ್ರಿ,” ಎಂದಳು ಮಹಾದೇವಿ. “ನಾ ಒಬ್ಬಾಕಿನs ಹೋಗಿಬರ್ತೀನಿ. ವಿಡಿಯೋದಾಗ ನೋಡೀರಂತ.”

“ವಿಡಿಯೋದಾಗ ಕೂಸಿನ ತಲಿ ಮೂಸಾಕ ಬರ್ತದೇನು?”

ಅವಳು ಕುಂಚಿಗೆಯನ್ನು ಎತ್ತಿ ಮಡಿಲಿಗಿಟ್ಟುಕೊಂಡಳು.

“ಮಾದೇವಿ, ಇಲ್ಲಿ ಕೇಳು. ಹೆಣದ ಉಡದಾರ ಹರಿಯಾವ್ರು ಯಾರು?”

“ಮಕ್ಕಳು. ಇಲ್ಲಂದ್ರ ಅಣ್ಣತಮ್ಮರು.”

“ಹೆಣ ತನ್ನ ಉಡದಾರ ತಾನs ಹರಕೊಂಡದ್ದು ಎಲ್ಲ್ಯಾರ ನೋಡೀಯೇನು?”

“ಇಲ್ರಿ.”

“ಮತ್ತ?”

“ನಾ ನೋಡೂದಿಲ್ಲ,” ಎಂದು ಅವಳು ಕುಂಚಿಗೆಯನ್ನು ಮುಖಕ್ಕೆ ಒತ್ತಿಕೊಂಡಳು.

ಸಾಯಬಣ್ಣ ಎಡಗೈಯಲ್ಲಿ ಬಟ್ಟೆ ಹಿಡಿದು, ಬಲಗೈಯಲ್ಲಿ ಕತ್ತರಿ ತಗೊಂಡು ದಾರದ ಅಡಿಗೆ ತೂರಿಸಿದ. ಕಬ್ಬಿಣ ಹೊಟ್ಟೆಗೆ ತಣ್ಣಗೆ ತಗುಲಿತು. ಕಣ್ಣು ಮುಚ್ಚಿ ಒತ್ತಿದ. ಕಚ್ಚೆಂದಿತು. ದಾರ ಚಾಪೆಯ ಮೇಲೆ ಬಿತ್ತು. ಕುಂಚಿಗೆಯ ಹಿಂದೆ ಮಹಾದೇವಿಯ ಉಸಿರು ನಿಂತಿತ್ತು, ಅವನದೂ ನಿಂತಿತ್ತು.

ಆಗ ಹತ್ತಿ ಬಟ್ಟೆಯ ಅಡಿಯಿಂದ, ಯಾರ ಅಪ್ಪಣೆಯನ್ನೂ ಕೇಳದೆ, ಆ ಕೆಂಪು ಬಾಯಿ ಉದ್ದಕ್ಕೆ ಒಂದು ಸದ್ದು ಮಾಡಿತು. ಗ್ಯಾಲರಿಗೂ ಕೇಳುವಂಥದ್ದು. ಮಹಾದೇವಿಯ ಭುಜಗಳು ಅಲುಗಿದವು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಅವನಿಗೆ ತಿಳಿಯಲಿಲ್ಲ. ಅವಳು ಮುಖ ಒರೆಸಿಕೊಂಡು ಎದ್ದು, ಚಿಲಕ ತೆಗೆದಳು.