ಸಾರಿಗಾಗುವಷ್ಟು ಮೀನು

ಉಪ್ಪುಂದದ ಸೋಮಜ್ಜ ಕಡಲಿಗೆ ಹೋಗುವುದನ್ನು ಬಿಟ್ಟು ವರ್ಷಗಳಾದರೂ ಅವನ ಮನೆಯಲ್ಲಿ ಒಂದು ಪದ್ಧತಿ ಹಾಗೇ ಉಳಿದಿತ್ತು. ಬಲೆಗೆ ಎಷ್ಟೇ ಬೀಳಲಿ, ದಾರಿಯಲ್ಲಿ ಯಾರಾದರೂ ಕೇಳಿದರೆ, "ಎಂತ ಇಲ್ಲೆ ಮಾರಾಯಾ, ಸಾರಿಗ್ ಆಪಷ್ಟ್" ಎನ್ನಬೇಕು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಕಣ್ಣು ಬೀಳುತ್ತದೆ, ಮರುದಿನ ಬಲೆ ಬರಿದು. ಮೊಮ್ಮಗಳು ಪ್ರಣೀತಾ ಶಾಲೆಯಿಂದ ಬಹುಮಾನ ತಂದಾಗಲೂ ಅವನು ಹೇಳಿಕೊಟ್ಟದ್ದು ಅದನ್ನೇ: "ಯಾರ್ ಕೇಂಡ್ರೂ, ಏನೋ ಒಂದ್ ಸಿಕ್ತ್ ಅನ್ನ್."

ಈಗ ಅವಳು ದೂರದ ಊರಿನ ವಿಜ್ಞಾನ ಕಾಲೇಜೊಂದಕ್ಕೆ ಅರ್ಜಿ ಹಾಕುತ್ತಿದ್ದಳು. ಸಾವಿರಾರು ಮಕ್ಕಳು ಬಯಸುವ ಕಾಲೇಜು. ಒಳಗೆ ಹೋಗುವವರು ಬೆರಳೆಣಿಕೆಯಷ್ಟು. ಅಂಕಗಳ ಜೊತೆಗೆ, ತಾನು ಈವರೆಗೆ ಏನು ಮಾಡಿದ್ದೇನೆಂದು ಒಂದು ಪುಟ ಬರೆಯಬೇಕು. ಇವತ್ತು ಸಂಜೆಯೊಳಗೆ ಅರ್ಜಿ ಹೋಗದಿದ್ದರೆ ಈ ವರ್ಷದ ಆಸೆ ಬಿಟ್ಟಂತೆಯೇ.

ಅವಳು ಬರೆದು ಕಳಿಸಿದ್ದನ್ನು ಓದಿದ ಶಾಲೆಯ ಶ್ರೀಲತಾ ಟೀಚರ್ ಫೋನಿನಲ್ಲೇ ರೇಗಿದರು. "'ಕಡಲ ಕೊರೆತವನ್ನು ಸ್ವಲ್ಪ ಗಮನಿಸಿದ್ದೇನೆ' ಅಂದ್ರೆ ಎಂತದೇ ಹೆಣ್ಣೇ? ಆಯ್ತವಾರ ಆಯ್ತವಾರ ಹಗ್ಗ ಹಿಡ್ಕಂಡ್ ದಂಡೆ ಅಳ್ದವ್ಳ್ ಯಾರ್? ನಿನ್ ಲೆಕ್ಕ ಕಂಡೇ ಅಲ್ದಾ ಪಂಚಾಯ್ತಿಯವ್ರ್ ಮೀನ್ ಒಣ್ಸು ಕಟ್ಟೆ ಕಡಲಿಂದ ಹಿಂದಕ್ಕೆ ಕಟ್ಟಿದ್? ಇದ್ರಗೆ ಅದೆಲ್ಲ ಎಲ್ಲಿತ್ತ್?"

ಫೋನ್ ಇಟ್ಟ ಪ್ರಣೀತಾ ಅಜ್ಜನ ಮುಖ ನೋಡಿದಳು. "ಬರ್ದ್ರೆ ದೊಡ್ಡಸ್ತಿಕೆ ಆತಿಲ್ಯಾ ಅಜ್ಜಯ್ಯ?"

ಬಸ್ಸಿನಲ್ಲಿ ತಲ್ಲೂರಿನವರೆಗೂ ಹೋಗಿ ಮೀನು ಮಾರಿ ಬರುತ್ತಿದ್ದ ಸೋಮಜ್ಜನ ಹೆಂಡತಿ ಜಲಜ ಒಳಗಿನಿಂದ ಬಂದು ನಿಂತಳು.

"ಹ್ವಾಯ್, ನಿಮ್ದ್ ದಾರಿ ಮಾತ್. ದಾರಿಯಗೆ ಕೇಂಬವ್ರ್ ಮೀನ್ ತಕಂಬುಕ್ ಕೇಂತ್ರಾ? ಸಂತೆಯಗೆ ನಾನೂ ಬುಟ್ಟಿ ಮುಚ್ಕಂಡ್ ಕೂತಿದ್ರೆ ನೀವ್ ಉಂಬುದ್ ಎಂತ ಇತ್ತ್? ಚೆಂದದ್ ಅಂಜಲ್ ಮೀನ್ ಬುಟ್ಟಿ ಮೇಲೇ ಇಡ್ತಿದ್ದೆ. ಆದ್ರೆ ಹಾಳಾದ್ದನ್ನ ಲಾಯ್ಕ್ ಅಂತ ಯಾವತ್ತೂ ಹೇಳ್ಲಿಲ್ಲೆ."

ಸೋಮಜ್ಜ ನಕ್ಕ. ಆಮೇಲೆ, ಯಾರೂ ಕೇಳದೆಯೇ, ಹಳೆಯದೊಂದು ಬೆಳಗನ್ನು ಬಿಚ್ಚಿದ. ಮಳೆಗಾಲ ಮುಗಿದು ಮೊದಲ ಸಲ ದೋಣಿ ಇಳಿಸಿದ ದಿನ. ಬಂಗುಡೆ ಎಷ್ಟು ಬಿತ್ತೆಂದರೆ, ದೋಣಿಯ ಅಂಚಿಗೆ ನೀರು ತಾಗುತ್ತಿತ್ತು. ಜೊತೆಗಿದ್ದ ಗೆಳೆಯ ಕುಷ್ಟ ಚಿಕ್ಕ ಮಕ್ಕಳ ಹಾಗೆ ಮೀನಿನ ರಾಶಿಯ ಮೇಲೆ ಬಿದ್ದು ಹೊರಳಾಡಿದ್ದ. ದಡಕ್ಕೆ ಬಂದ ಮೇಲೆ ಇಬ್ಬರೂ ಮುಖ ಗಂಟಿಕ್ಕಿಕೊಂಡು, ಸಾರಿಗ್ ಆಪಷ್ಟ್ ಸಿಕ್ಕಿತು ಎಂದಿದ್ದರು.

"ಮತ್ತೆ?" ಪ್ರಣೀತಾ ಕೇಳಿದಳು.

"ಮತ್ತೆಂತ. ಕುಷ್ಟ ತೀರಿ ಹೋದ. ಆ ದಿನ ಕಂಡವ್ರ್ ಈಗ ನಾನೊಬ್ಬನೇ. ಮುಚ್ಚಿಟ್ಟ್ ಮುಚ್ಚಿಟ್ಟ್, ನೆನ್ಪ್ ಮಾಡ್ವುಕೂ ಯಾರೂ ಇಲ್ಲದ್ದಂಗ್ ಆಯ್ತ್."

ಪ್ರಣೀತಾ ಮೊದಲಿನದನ್ನು ಅಳಿಸಿ ಹೊಸದಾಗಿ ಬರೆಯತೊಡಗಿದಳು. ಅವಳ ಬೆರಳು ತಡೆದಾಗಲೆಲ್ಲ ಅಜ್ಜ ಪಕ್ಕದಿಂದ, "ಹಾಕ್, ಹಾಕ್" ಎನ್ನುತ್ತಿದ್ದ.

"ನೀನ್ ದಂಡೆ ಅಳತೆಗ್ ಹುಗ್ದ ಗೂಟ ಕೊಚ್ಕಂಡ್ ಹೋಯಿ ಅಷ್ಟೂ ಲೆಕ್ಕ ಹಾಳಾಯ್ತಲ, ಅದನ್ನ ಬರ್ದ್ಯಾ?"

"ಅದ್ ಸೋತದ್ದಲ್ದಾ?"

"ಮರು ವಾರ ಹೋಯಿ ಬೇರೆ ಗೂಟ ಹುಗ್ದವ್ಳ್ ನೀನೇ ಅಲ್ದಾ? ಎರಡನ್ನೂ ಹಾಕ್."

ದೀಪ ಹಚ್ಚುವ ಮೊದಲೇ ಅರ್ಜಿ ಹೋಯಿತು. ಕಳಿಸುವ ಮುನ್ನ ಅವಳು ಜೋರಾಗಿ ಓದಿದ್ದನ್ನು ಸೋಮಜ್ಜ ಕಣ್ಣು ಮುಚ್ಚಿಕೊಂಡೇ ಕೇಳಿದ್ದ.

"ಲಾಯ್ಕ್ ಇತ್ತ್ ಮಗಾ" ಎಂದ. ಎದುರೆದುರೇ ಮೊಮ್ಮಗಳನ್ನು ಅವನು ಹೊಗಳಿದ್ದು ಅದೇ ಮೊದಲು. ಅವಳು ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.